ಡಿ-ಬಸ್

ಡಿ-ಬಸ್: ಲಿನಕ್ಸ್ ಮೊದಲಾದ ಯುನಿಕ್ಸ್ ಮಾದರಿಯ ಕಾರ್ಯಾಚರಣ ವ್ಯವಸ್ಥೆಗಳಲ್ಲಿ, ಒಂದೇ ಗಣಕದಲ್ಲಿ ಏಕಕಾಲಕ್ಕೆ ನಡೆಯುವ ಪ್ರಕ್ರಿಯೆಗಳು ಪರಸ್ಪರ ಸಂದೇಶ ವಿನಿಮಯ ಮಾಡಿಕೊಳ್ಳಲು ಸಾಧನವಾದ ನಿಯಮಾವಳಿ ಹಾಗೂ ಅದನ್ನು ನಿರ್ವಹಿಸುವ ತಂತ್ರಾಂಶ.

ಕೆಡಿಇ ಎಂಬ ಡೆಸ್ಕ್‌ಟಾಪ್ ಪರಿಸರದ ಡಿಕಾಪ್ ಎಂಬ ಸಂದೇಶ ವಿನಿಮಯ ಪದ್ಧತಿಯಿಂದ ಪ್ರೇರಿತವಾಗಿ, ಹ್ಯಾವಕ್ ಪೆನ್ನಿಂಗ್ಟನ್ ಮೊದಲಾದವರಿಂದ 2002ರಲ್ಲಿ ಆರಂಭವಾದ ಇದರ 1.0 ಆವೃತ್ತಿ 2006ರಲ್ಲಿ ಪ್ರಕಟವಾಯಿತು. 2008ರ ಕೆಡಿಇ 4ರಲ್ಲಿ ಡಿಕಾಪ್‌ನ ಸ್ಥಾನವನ್ನು ಇದೇ ಪಡೆಯಿತು.

ಪ್ರತಿಯೊಂದು ಪ್ರಕ್ರಿಯೆಗೂ ಸ್ವಂತ ಸ್ಮೃತಿಪ್ರದೇಶವಿದ್ದು, ಒಂದರ ದತ್ತಾಂಶವನ್ನು ಮತ್ತೊಂದು ನೇರವಾಗಿ ಮುಟ್ಟಲಾಗದ ಕಾರಣ, ಮಧ್ಯವರ್ತಿಯಾದ ಬಸ್ ಸೇವಕ ತಂತ್ರಾಂಶವು ಸಂದೇಶಗಳನ್ನು ಸಾಮಾನ್ಯವಾಗಿ ಯುನಿಕ್ಸ್ ಸಾಕೆಟ್ಟುಗಳ ಮೂಲಕ ಸ್ವೀಕರಿಸಿ ಉದ್ದಿಷ್ಟ ಪ್ರಕ್ರಿಯೆಗೆ ತಲುಪಿಸುವುದು. ಸಂದೇಶಗಳು ವಿಧಾನದ ಕರೆ (ಮತ್ತೊಂದು ಪ್ರಕ್ರಿಯೆಗೆ ಕಾರ್ಯವೊಂದನ್ನು ನಡೆಸುವಂತೆ ಕೋರಿಕೆ), ಅದಕ್ಕೆ ಮರುತ್ತರ, ದೋಷಸೂಚನೆ, ಸಂಕೇತ ಎಂದು ನಾಲ್ಕು ಬಗೆ. ಇವುಗಳಲ್ಲಿ ಸಂಕೇತವನ್ನು ಅನೇಕ ಪ್ರಕ್ರಿಯೆಗಳು ಏಕಕಾಲದಲ್ಲಿ ಪಡೆಯಬಹುದು. ಸಂದೇಶವೊಂದರ ಗರಿಷ್ಠ ಗಾತ್ರ 128 ಮೆಬಿಬೈಟ್.

ಯಂತ್ರಾಂಶ, ಜಾಲಸಂಪರ್ಕ ಮುಂತಾದ ಸೇವೆಗಳಿಗೆ ವ್ಯವಸ್ಥಾ ಬಸ್ಸೂ, ಬಳಕೆದಾರನ ಅನ್ವಯಗಳಿಗೆ ಅಧಿವೇಶನ ಬಸ್ಸೂ ಪ್ರತ್ಯೇಕವಾಗಿದ್ದು, ಮೊದಲನೆಯದರಲ್ಲಿ ಯಾವ ಕರೆಗೆ ಯಾರು ಅರ್ಹರೆಂಬುದನ್ನು ಅನುಮತಿ ನಿಯಮಗಳು ನಿರ್ಣಯಿಸುತ್ತವೆ.

ಭಿನ್ನ ಭಾಷೆಗಳಲ್ಲಿ ರಚಿತವಾದ ಅನ್ವಯಗಳನ್ನು ಸಮಾನ ನಿಯಮದಿಂದ ಬೆಸೆದು, ಗ್ನೋಮ್, ಕೆಡಿಇ ಡೆಸ್ಕ್‌ಟಾಪ್ ಪರಿಸರಗಳಿಗೂ ಸಿಸ್ಟಮ್‌ಡಿ ಎಂಬ ವ್ಯವಸ್ಥಾ ನಿರ್ವಾಹಕ ತಂತ್ರಾಂಶಕ್ಕೂ ಸಾಮಾನ್ಯ ಸಂವಹನಮಾರ್ಗವನ್ನು ಒದಗಿಸಿದುದೇ ಇದರ ಪ್ರಮುಖ ಮಹತ್ತ್ವ.