ಹಲ್ಲು ಹೇಳಿದ ವಯಸ್ಸು

ಹಾಲುಹಲ್ಲು ಇನ್ನೂ ಬಿದ್ದಿಲ್ಲ, ಅದರ ಹಿಂದೆಯೇ ಇನ್ನೊಂದು ಹಲ್ಲು ಇಣುಕುತ್ತಿದೆ. ಆರು ವರ್ಷದ ಮಗುವಿನ ಬಾಯಲ್ಲಿ ಇದನ್ನು ಕಂಡು ಮನೆಮಂದಿ ಗಾಬರಿಯಾಗುವುದು ಇಂದು ನಿನ್ನೆಯದಲ್ಲ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ರೋಮಿನ ಸೆಲ್ಸಸ್ ತನ್ನ 'ಡಿ ಮೆಡಿಸಿನಾ' ಗ್ರಂಥದಲ್ಲಿ ಇದಕ್ಕೊಂದು ಉಪಾಯ ಬರೆದಿಟ್ಟಿದ್ದಾನೆ. ಬೀಳಬೇಕಾದ ಹಲ್ಲಿನ ಸುತ್ತ ಒಸಡು ಬಿಡಿಸಿ ಅದನ್ನು ಕಿತ್ತುಬಿಡಬೇಕು. ಹೊಸ ಹಲ್ಲನ್ನು ಅದು ತಕ್ಕಷ್ಟು ಬೆಳೆಯುವ ತನಕ ದಿನವೂ ಬೆರಳಿನಿಂದ ಹಳೆಯದರ ಜಾಗಕ್ಕೆ ಒತ್ತುತ್ತಿರಬೇಕು. ಮಗು ಬೆರಳು ಕಚ್ಚಿದರೆ ಏನು ಮಾಡಬೇಕೆಂದು ಮಾತ್ರ ಹೇಳಿಲ್ಲ.

ಆ ಹೊಸ ಹಲ್ಲು ಬರುವುದಾದರೂ ಎಲ್ಲಿಂದ? ಅಂಗರಚನಾಶಾಸ್ತ್ರಕ್ಕೆ ಹೊಸ ದಾರಿ ತೋರಿದ ವೆಸಾಲಿಯಸ್ ಕೂಡ ಇಲ್ಲಿ ಎಡವಿದ. ಹಾಲುಹಲ್ಲಿನ ಬೇರೇ ಮತ್ತೆ ಚಿಗುರಿ ಶಾಶ್ವತ ಹಲ್ಲಾಗುತ್ತದೆ ಎಂದು ಅವನು ನಂಬಿದ್ದ. 1563ರಲ್ಲಿ ಇಟಲಿಯ ಯುಸ್ಟಾಕಿ ಹಲ್ಲಿಗೆಂದೇ ಒಂದು ಪುಟ್ಟ ಪುಸ್ತಕ ಬರೆದ. ಭ್ರೂಣಗಳನ್ನೂ ಎಳೆಶಿಶುಗಳ ದೇಹಗಳನ್ನೂ ಛೇದಿಸಿ ನೋಡಿದ್ದ ಅವನಿಗೆ ಎರಡನೆಯ ಹಲ್ಲಿಗೆ ಅದರದೇ ಮೊಳಕೆ ಇರುವುದು ಕಂಡಿತ್ತು. ಕೆಳಗಿನ ಬಾಚಿಹಲ್ಲುಗಳ ಮೊಳಕೆ ಹಾಲುಹಲ್ಲಿನ ಬೇರಿನ ಹಿಂದೆ, ನಾಲಿಗೆಯ ಕಡೆ ಕೂತಿರುತ್ತದೆ. ಅದು ಮೇಲೇಳುತ್ತಿದ್ದಂತೆ ಹಳೆಯ ಬೇರು ಕರಗಬೇಕು. ಕರಗುವುದು ತಡವಾದರೆ ಹಳೆಯದು ಕದಲುವುದಿಲ್ಲ, ಹೊಸದು ಹಿತ್ತಿಲ ಬಾಗಿಲಿನಿಂದ ಬರುತ್ತದೆ.

ಮಕ್ಕಳ ಬಾಯೊಳಗಿನ ಈ ಅದಲುಬದಲು ಒಂದು ದೇಶದ ಕಾನೂನಿಗೇ ಬೇಕಾದದ್ದು ಇಂಗ್ಲೆಂಡಿನಲ್ಲಿ.

1833ರ ಕಾರ್ಖಾನೆ ಕಾಯ್ದೆಯ ಪ್ರಕಾರ ಒಂಬತ್ತು ತುಂಬದ ಮಕ್ಕಳನ್ನು, ರೇಷ್ಮೆ ಗಿರಣಿಗಳನ್ನು ಬಿಟ್ಟರೆ, ಬಟ್ಟೆ ಗಿರಣಿಗಳಲ್ಲಿ ದುಡಿಸುವಂತಿರಲಿಲ್ಲ. ಒಂಬತ್ತರಿಂದ ಹದಿಮೂರರವರೆಗೆ ದಿನಕ್ಕೆ ಒಂಬತ್ತು ಗಂಟೆ, ಹದಿಮೂರು ದಾಟಿದರೆ ಹನ್ನೆರಡು. ಸರಿ, ಆದರೆ ಮಗುವಿಗೆ ಎಷ್ಟು ವರ್ಷ? ಸರ್ಕಾರದ ಜನನ ನೋಂದಣಿ ಶುರುವಾದದ್ದೇ 1837ರ ಜುಲೈಯಲ್ಲಿ. ಕೂಲಿಯ ಆಸೆಗೆ ಅಪ್ಪ ಅಮ್ಮ ಒಂದೆರಡು ವರ್ಷ ಸೇರಿಸಿ ಹೇಳುತ್ತಿದ್ದರು, ಮಾಲೀಕರು ಅದನ್ನೇ ನಂಬುತ್ತಿದ್ದರು. ಮೈಕಟ್ಟು ನೋಡಿ ವಯಸ್ಸಿನ ಪ್ರಮಾಣಪತ್ರ ಕೊಡುವುದು ವೈದ್ಯರ ಕೆಲಸವಾಯಿತು. ಎತ್ತರ ಅಳೆದರೆ ಸಾಲದೇ ಎಂದವರೂ ಇದ್ದರು. ಉಂಡು ಬೆಳೆದ ಮಗುವಿಗೂ ಅರೆಹೊಟ್ಟೆಯ ಮಗುವಿಗೂ ಒಂದೇ ಅಳತೆಕೋಲು!

1837ರಲ್ಲಿ ಲಂಡನ್ನಿನ ದಂತವೈದ್ಯ ಎಡ್ವಿನ್ ಸಾಂಡರ್ಸ್ ಸಂಸತ್ತಿನ ಎರಡೂ ಸದನಗಳ ಸದಸ್ಯರನ್ನು ಉದ್ದೇಶಿಸಿ ಒಂದು ಕಿರುಹೊತ್ತಿಗೆ ಬರೆದ. ಎತ್ತರಕ್ಕಿಂತ ಹಲ್ಲನ್ನು ನಂಬಬಹುದು ಎಂಬುದು ಅವನ ವಾದ. ಆಗ ಅವನಿಗೆ ಇಪ್ಪತ್ತಮೂರರ ಆಸುಪಾಸು. ಸಾವಿರಕ್ಕೂ ಹೆಚ್ಚು ಮಕ್ಕಳ ಬಾಯಿ ತೆರೆಸಿ ನೋಡಿದ್ದ. ಒಂಬತ್ತಕ್ಕೆ ಹನ್ನೆರಡು ಶಾಶ್ವತ ಹಲ್ಲು, ಅಂದರೆ ಎಂಟು ಬಾಚಿ, ನಾಲ್ಕು ದವಡೆ, ಹದಿಮೂರಕ್ಕೆ ಇಪ್ಪತ್ತೆಂಟು. ಒಂಬತ್ತರ 708 ಮಕ್ಕಳಲ್ಲಿ ಈ ಲೆಕ್ಕಕ್ಕೆ ಪೂರ್ತಿ ಹೊಂದಿದವರು 389. ಒಂದು ಬಗೆಯ ನಾಲ್ಕು ಹಲ್ಲುಗಳಲ್ಲಿ ಮೂರು ಬಂದಿದ್ದರೆ ನಾಲ್ಕನೆಯದೂ ಬಂದಂತೆ ಎಂದು ಹಿಡಿದರೆ ಆ ಸಂಖ್ಯೆ 530ಕ್ಕೆ ಏರುತ್ತಿತ್ತು. ಇಂಥ ಸಡಿಲಿಕೆ ಬೇಕಾದ ಪರೀಕ್ಷೆ ನಿಖರವಲ್ಲ, ನಿಜ. ಆದರೆ ಕೂಲಿಗೆ ಕಾದು ನಿಂತ ಅಪ್ಪನ ಮಾತಿಗಿಂತ ವಾಸಿ.

ನಮ್ಮ ದನದ ಜಾತ್ರೆಗಳಲ್ಲಿ ಇದು ಹೊಸ ವಿದ್ಯೆಯಲ್ಲ. ಹೋರಿಯ ತುಟಿ ಬಿಡಿಸಿ ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿ ಕೂಡಿದೆಯೋ ನೋಡಿಯೇ ರೈತರು ಬೆಲೆ ಮಾತಾಡುತ್ತಾರೆ. ಗಿರಣಿಯ ಬಾಗಿಲಲ್ಲಿ ಬಾಯಿ ತೆರೆದು ನಿಂತದ್ದು ಮಾತ್ರ ಮನುಷ್ಯರ ಮಕ್ಕಳು.

ಸಾಂಡರ್ಸ್ ಮುಂದೆ ವಿಕ್ಟೋರಿಯಾ ರಾಣಿಯ ದಂತವೈದ್ಯನಾದ. 1883ರಲ್ಲಿ ಸರ್ ಪದವಿ ಪಡೆದು, ಆ ಗೌರವ ಸಿಕ್ಕ ಮೊದಲ ದಂತವೈದ್ಯನೆನಿಸಿದ. ಕಾಯ್ದೆಗೆ 1844ರಲ್ಲಿ ತಿದ್ದುಪಡಿಯಾಯಿತು. ಹದಿಮೂರರೊಳಗಿನವರ ದುಡಿಮೆಯನ್ನು ಆರೂವರೆ ಗಂಟೆಗೆ ಇಳಿಸಿದ ಸಂಸತ್ತು, ಜೊತೆಯಲ್ಲೇ ಕೆಲಸಕ್ಕೆ ಸೇರುವ ವಯಸ್ಸನ್ನೂ ಒಂಬತ್ತರಿಂದ ಎಂಟಕ್ಕೆ ಇಳಿಸಿತು.