ತೆಂಗಿನ ಸೀಮೆಯ ಆಕಾಶ: ವೈಮಾನಿಕ ಛಾಯಾಗ್ರಹಣದ ನಿಯಮಗಳ ಇತಿಹಾಸ

ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯನ್ನು ಕುರಿತು ಆಡಳಿತಗಾರರು ಬರೆಸಿಟ್ಟ ದಾಖಲೆಗಳು ಬಹುಕಾಲ ನೆಲದ ಮೇಲೆ ನಿಂತು ಕಂಡದ್ದರ ದಾಖಲೆಗಳೇ ಆಗಿದ್ದವು. ಟಿಪ್ಪುವಿನ ಪತನದ ಮರುವರ್ಷ, ಅಂದರೆ 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಆದೇಶದಂತೆ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಚಿಕ್ಕನಾಯಕನಹಳ್ಳಿಯ ಆಸುಪಾಸಿನ ತೆಂಗಿನ ಬೇಸಾಯವನ್ನು ವಿಚಾರಿಸಿ ಬರೆದುಕೊಂಡನು. 1863ರಲ್ಲಿ ಆರಂಭವಾದ ಮೈಸೂರು ಕಂದಾಯ ಸರ್ವೆಯ ಅಳತೆಗಾರರು ಹದಿನಾರು ಆಣೆಗಳಾಗಿ ಭಾಗಿಸಿದ 33 ಅಡಿಯ ಸರಪಳಿಯನ್ನು ಬದುಗಳ ಮೇಲೆ ಎಳೆದು, ಆ ಸರಪಳಿಯ ಚೌಕವನ್ನು ಒಂದು ಗುಂಟೆಯೆಂದು ಲೆಕ್ಕ ಹಿಡಿದು, ಎಲ್ಲೆಗೆ ಕಲ್ಲು ನೆಡಿಸಿದರು. ಈ ಎರಡು ಬಗೆಯ ನೋಟಗಳ ಹಿಂದೆಯೂ ಅಧಿಕಾರವಿತ್ತು, ಎರಡರ ಬೆನ್ನಿಗೂ ಕಂದಾಯ ಬಂದಿತು. ಆದರೂ ನೋಡುತ್ತಿರುವವನು ಯಾರೆಂಬುದು ತೋಟದ ಒಡೆಯನಿಗೆ ತಿಳಿದಿರುತ್ತಿತ್ತು, ತಕರಾರು ಹೇಳಲು ಎದುರಿಗೊಬ್ಬ ಮನುಷ್ಯನಿರುತ್ತಿದ್ದ. ಆಕಾಶದಿಂದ ಚಿತ್ರ ತೆಗೆಯುವ ನಿಯಮಗಳ ಇತಿಹಾಸವನ್ನು ಈ ಸೀಮೆಯಿಂದ ನೋಡುವಾಗ ಇದನ್ನು ಮರೆಯಲಾಗದು.

ವಿಮಾನ ಬಂದ ಮೇಲೆ ಮೇಲಿನಿಂದ ನೋಡುವ ಹಕ್ಕು ಸರ್ಕಾರದ ಕೈಯಲ್ಲಿ ಗಟ್ಟಿಯಾಗಿ ನಿಂತಿತು. 1934ರ ವಿಮಾನ ಕಾಯ್ದೆಯ ಅಡಿಯಲ್ಲಿ ರೂಪುಗೊಂಡ 1937ರ ವಿಮಾನ ನಿಯಮಗಳ 13ನೆಯ ನಿಯಮವು ಹಾರುತ್ತಿರುವ ವಿಮಾನದಿಂದ ಲಿಖಿತ ಅನುಮತಿಯಿಲ್ಲದೆ ಛಾಯಾಚಿತ್ರ ತೆಗೆಯುವುದನ್ನು ನಿಷೇಧಿಸಿತು. ಸ್ವಾತಂತ್ರ್ಯದ ನಂತರವೂ ವೈಮಾನಿಕ ಛಾಯಾಗ್ರಹಣ ಭಾರತೀಯ ವಾಯುಪಡೆ, ಕಲ್ಕತ್ತೆಯ ಡಂಡಂನಲ್ಲಿದ್ದ ಏರ್ ಸರ್ವೆ ಕಂಪನಿ ಮತ್ತು ಮುಂದೆ ಹೈದರಾಬಾದಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ದೂರಸಂವೇದಿ ಸಂಸ್ಥೆಗಳ ಕೆಲಸವಾಗಿಯೇ ಉಳಿಯಿತು. ಅದನ್ನು ಹೊಂದಿಸುವ ಹೊಣೆ ಸರ್ವೆ ಆಫ್ ಇಂಡಿಯಾದ ಮೇಲಿತ್ತು, ರಕ್ಷಣಾ ಸಚಿವಾಲಯದ ಒಪ್ಪಿಗೆಯಿಲ್ಲದೆ ಚಿತ್ರಗಳು ಹೊರಬರುತ್ತಿರಲಿಲ್ಲ.

ಈ ಬಿಗಿಯ ಕಾಲದಲ್ಲಿಯೇ ತೆಂಗಿಗೆ ನೇರವಾಗಿ ಸಂಬಂಧಿಸಿದ, ಅದರ ಬೆಳೆಗಾರರು ಹೆಮ್ಮೆಪಡಬೇಕಾದ ಒಂದು ಘಟನೆ ನಡೆಯಿತು. ಭಾರತದ ದೂರಸಂವೇದಿ ವಿಜ್ಞಾನದ ಪಿತಾಮಹರೆಂದು ಗೌರವಿಸಲ್ಪಡುವ ಪಿ. ಆರ್. ಪಿಶಾರೋಟಿಯವರು 1970ರ ಸುಮಾರಿಗೆ ಕೇರಳದ ತೆಂಗಿನ ತೋಟಗಳ ಮೇಲೆ ಹೆಲಿಕಾಪ್ಟರ್ ಹಾರಿಸಿ, ಅವಕೆಂಪು ಕಿರಣಗಳಿಗೆ ಸ್ಪಂದಿಸುವ ಫಿಲ್ಮಿನಲ್ಲಿ ಬೇರು ಸೊರಗು ರೋಗದ ಚಿತ್ರಗಳನ್ನು ತೆಗೆಸಿದರು. ಆರೋಗ್ಯವಂತ ಗರಿಯು ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹೇರಳವಾಗಿ ಪ್ರತಿಫಲಿಸಿ ಅಂಥ ಫಿಲ್ಮಿನಲ್ಲಿ ಕೆಂಪಾಗಿ ಮೂಡುತ್ತದೆ; ರೋಗ ತಗುಲಿದ ಮರದಲ್ಲಿ ಆ ಕೆಂಪು ಕುಂದುತ್ತದೆ. ದೇಶದ ದೂರಸಂವೇದಿ ಅಧ್ಯಯನದ ಮೊದಲ ಪ್ರಯೋಗವೆಂದು ಹೆಸರಾದ ಈ ಕಾರ್ಯದ ವಸ್ತು ತೆಂಗೇ ಆಗಿತ್ತು. ಆದರೆ ಅಣಬೆ ರೋಗ, ಕಾಂಡ ಸೋರುವ ರೋಗ ಮತ್ತು ಕಪ್ಪುತಲೆ ಹುಳುವಿನ ಬಾಧೆಗಳಿಂದ ನರಳುವ ತಿಪಟೂರು ಸೀಮೆಯ ರೈತನಿಗೆ ತನ್ನ ಮರದ ಸುಳಿಯನ್ನು ಮೇಲಿನಿಂದ ನೋಡುವ ಅವಕಾಶ ಒದಗಲು ಇನ್ನೂ ನಾಲ್ಕು ದಶಕಗಳು ಕಳೆಯಬೇಕಾಯಿತು.

ಆ ಅವಕಾಶ ಒದಗಿದ್ದು 2013ರ ನಂತರ, ಕ್ಯಾಮೆರಾ ಹೊತ್ತು ಹಾರುವ ಸಣ್ಣ ಡ್ರೋನ್‌ಗಳು ಸ್ಟುಡಿಯೊಗಳ ಕೈಗೆಟುಕುವ ಬೆಲೆಗೆ ಬಂದಾಗ. ಡ್ರೋನ್ ಎಂದರೆ ನೆಲದಲ್ಲಿ ನಿಂತವನು ರೇಡಿಯೊ ಸಂಕೇತದಿಂದ ನಡೆಸುವ, ಚಾಲಕನಿಲ್ಲದ ವಿಮಾನ. ಹೀಗಾಗಿ ಅದು ವಿಮಾನ ಕಾಯ್ದೆಯ ವ್ಯಾಪ್ತಿಯೊಳಗೇ ಬರುತ್ತಿತ್ತು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು 2014ರ ಅಕ್ಟೋಬರ್ 7ರಂದು ಸಾರ್ವಜನಿಕ ಪ್ರಕಟಣೆ ಹೊರಡಿಸಿ, ನಿಯಮಗಳು ಸಿದ್ಧವಾಗುವವರೆಗೆ ಸರ್ಕಾರೇತರರು ಯಾರೂ ಡ್ರೋನ್ ಹಾರಿಸಬಾರದೆಂದು ತಡೆಯಿತು. ತಡೆ ನಾಲ್ಕು ವರ್ಷ ಮುಂದುವರಿಯಿತು. ಮದುವೆ, ಜಾತ್ರೆ, ರಥೋತ್ಸವಗಳ ಮೇಲಿನ ಹಾರಾಟ ಮಾತ್ರ ನಾಡಿನಾದ್ಯಂತ ಹೆಚ್ಚುತ್ತಲೇ ಹೋಯಿತು. ಕೆಲಸಕ್ಕೆ ಬೇಡಿಕೆಯಿದ್ದು ಪರವಾನಗಿಗೆ ದಾರಿಯೇ ಇಲ್ಲದಿದ್ದಾಗ ಹೊಟ್ಟೆಪಾಡಿನ ಕಸುಬುದಾರ ತನಗರಿವಿಲ್ಲದೆಯೇ ಅಪರಾಧಿಯಾಗುತ್ತಾನೆ, ಆ ವರ್ಷಗಳಲ್ಲಿ ಆದದ್ದೂ ಅದೇ.

2018ರ ಆಗಸ್ಟ್ 27ರಂದು ಪ್ರಕಟವಾಗಿ ಡಿಸೆಂಬರ್ 1ರಿಂದ ಜಾರಿಗೆ ಬಂದ ನಿಬಂಧನೆಗಳು ಡ್ರೋನ್‌ಗಳನ್ನು ತೂಕದ ಪ್ರಕಾರ ವಿಂಗಡಿಸಿದವು: 250 ಗ್ರಾಂವರೆಗಿನದು ನ್ಯಾನೊ, 2 ಕಿಲೊವರೆಗಿನದು ಮೈಕ್ರೊ, 25 ಕಿಲೊವರೆಗಿನದು ಸಣ್ಣದು, ಅದರಾಚೆಗೆ ಮಧ್ಯಮ ಮತ್ತು ದೊಡ್ಡವು. ಪ್ರತಿ ಹಾರಾಟಕ್ಕೂ ಡಿಜಿಟಲ್ ಸ್ಕೈ ಎಂಬ ಜಾಲತಾಣದಿಂದ ಅನುಮತಿ ಸಿಗದಿದ್ದರೆ ಯಂತ್ರ ಮೇಲೇಳದಂತೆ ಅದರೊಳಗೇ ವ್ಯವಸ್ಥೆ ಇರಬೇಕೆಂಬುದು ಅವುಗಳ ಮೂಲ ತತ್ತ್ವ. ನ್ಯಾನೊ ಡ್ರೋನ್‌ಗೆ ಮಾತ್ರ ನಿಯಂತ್ರಣವಿಲ್ಲದ ವಾಯುಪ್ರದೇಶದಲ್ಲಿ 50 ಅಡಿಯೊಳಗೆ ಹಾರುವುದಾದರೆ ರಿಯಾಯಿತಿಯಿತ್ತು. ತಿಪಟೂರು ಎತ್ತರ ಎಂಬ ನಾಡತಳಿಯ ಹಳೆಯ ಮರಗಳು 50 ಅಡಿಯನ್ನು ಮೀರಿ ಬೆಳೆಯುವುದರಿಂದ, ರಿಯಾಯಿತಿಯ ಎತ್ತರದಲ್ಲಿ ಹಾರಿದ ಡ್ರೋನ್‌ಗೆ ಹಳೆಯ ತೋಟದಲ್ಲಿ ಕಾಣುತ್ತಿದ್ದುದು ಕಾಂಡವೇ ಹೊರತು ಸುಳಿಯಲ್ಲ. ಬಯಲನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ನಿಯಮ ತೋಟದ ಸೀಮೆಗೆ ಹೊಂದಲಿಲ್ಲ. ಮೈಕ್ರೊ ಡ್ರೋನ್ ಹಾರಿಸುವವರು 24 ಗಂಟೆ ಮೊದಲು ಸ್ಥಳೀಯ ಪೊಲೀಸರಿಗೆ ತಿಳಿಸಬೇಕೆಂಬ ನಿಬಂಧನೆಯೂ ಅದರಲ್ಲಿತ್ತು. ಇತರರ ಖಾಸಗಿತನಕ್ಕೆ ಧಕ್ಕೆಯಾಗದಂತೆ ನೋಡಿಕೊಳ್ಳುವ ಹೊಣೆಯನ್ನು ಹಾರಿಸುವವನ ಮೇಲೆ ಹೊರಿಸಲಾಗಿತ್ತು. ಅದಕ್ಕೆ ಒಂದು ವರ್ಷ ಹಿಂದೆ, 2017ರ ಆಗಸ್ಟ್ 24ರಂದು, ಸರ್ವೋಚ್ಚ ನ್ಯಾಯಾಲಯ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು.

2021ರಲ್ಲಿ ನಿಯಮಗಳು ಎರಡು ಬಾರಿ ಬದಲಾದವು, ಈ ಇತಿಹಾಸದ ತಿರುವು ಇರುವುದು ಆ ಎರಡರ ನಡುವೆ. ಮಾರ್ಚ್ 12ರಂದು ಜಾರಿಗೆ ಬಂದ ನಿಯಮಗಳು ನಮೂನೆ, ಶುಲ್ಕ, ಅನುಮತಿಗಳ ಭಾರದಿಂದ ಕುಸಿಯುವಂತಿದ್ದರೂ, ವ್ಯಕ್ತಿಯ ಮತ್ತು ಆತನ ಆಸ್ತಿಯ ಖಾಸಗಿತನವನ್ನು ಕಾಪಾಡಿಯೇ ಚಿತ್ರ ತೆಗೆಯಬೇಕೆಂದು ಛಾಯಾಗ್ರಹಣದ ವಿಷಯದಲ್ಲಿ ಸ್ಪಷ್ಟವಾಗಿ ಹೇಳಿದ್ದವು. ಆಗಸ್ಟ್‌ನಲ್ಲಿ ಅವುಗಳ ಜಾಗಕ್ಕೆ ಬಂದ ಡ್ರೋನ್ ನಿಯಮಗಳು ನಮೂನೆಗಳನ್ನು 25ರಿಂದ 5ಕ್ಕೆ ಇಳಿಸಿದವು. ನಕ್ಷೆಯಲ್ಲಿ ಹಸಿರು ಬಣ್ಣ ಪಡೆದ ಪ್ರದೇಶದಲ್ಲಿ 400 ಅಡಿಯವರೆಗೆ ಪೂರ್ವಾನುಮತಿಯಿಲ್ಲದೆ ಹಾರಲು ಬಿಟ್ಟವು. 500 ಕಿಲೊವರೆಗಿನ ಡ್ರೋನ್‌ಗಳನ್ನು 1937ರ ವಿಮಾನ ನಿಯಮಗಳಿಂದ ಹೊರಗಿಟ್ಟವು. 84 ವರ್ಷಗಳಿಂದ ಆಕಾಶದ ಛಾಯಾಗ್ರಹಣವನ್ನು ಕಟ್ಟಿಹಾಕಿದ್ದ 13ನೆಯ ನಿಯಮ ಡ್ರೋನ್‌ನ ಮಟ್ಟಿಗೆ ಹೀಗೆ ಕಳಚಿತು. ಮಾರ್ಚ್‌ನ ನಿಯಮಗಳಲ್ಲಿದ್ದ ಖಾಸಗಿತನದ ಮಾತು ಕೂಡ ಅದರೊಂದಿಗೇ ಹೋಯಿತು. ಕಾಗದಪತ್ರದ ಹೊರೆ ಇಳಿಸುವುದು ಅಗತ್ಯವಾಗಿತ್ತು, ಈ ಮಾತನ್ನು ಇಳಿಸುವುದು ಅಗತ್ಯವಿರಲಿಲ್ಲ.

ಹೊಸ ನಿಯಮಗಳು ವಾಣಿಜ್ಯ ಛಾಯಾಗ್ರಾಹಕನನ್ನು ಹವ್ಯಾಸಿಯಿಂದ ಬೇರೆ ಮಾಡಿದವು. ಮೈಕ್ರೊ ಡ್ರೋನನ್ನು ಹಣದ ಉದ್ದೇಶವಿಲ್ಲದೆ ಹಾರಿಸುವವನಿಗೆ ದೂರ ಚಾಲಕ ಪ್ರಮಾಣಪತ್ರ, ಅಂದರೆ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತರಬೇತಿ ಮುಗಿಸಿದವರಿಗೆ ದೊರೆಯುವ ಹತ್ತು ವರ್ಷ ಅವಧಿಯ ಪತ್ರ, ಬೇಕಾಗಿಲ್ಲ; ಅದೇ ಡ್ರೋನ್ ಸಂಭಾವನೆಗಾಗಿ ಮದುವೆಮನೆಯ ಮೇಲೆ ಹಾರಿದರೆ ಬೇಕು. 2022ರ ಫೆಬ್ರವರಿ 9ರಂದು ಸಿದ್ಧ ಡ್ರೋನ್‌ಗಳ ಆಮದನ್ನು ನಿಷೇಧಿಸಿ ಬಿಡಿಭಾಗಗಳಿಗೆ ಮಾತ್ರ ಅವಕಾಶ ಉಳಿಸಲಾಯಿತು. ಬಹುಪಾಲು ವಿದೇಶಿ ಯಂತ್ರಗಳನ್ನೇ ನೆಚ್ಚಿಕೊಂಡಿದ್ದ ಸಣ್ಣ ಊರುಗಳ ಸ್ಟುಡಿಯೊಗಳಿಗೆ ಇದು ದೊಡ್ಡ ಪೆಟ್ಟು. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕಲ್ಲೇಶ್ವರ ಮತ್ತು ಚೆನ್ನಕೇಶವ ದೇವಾಲಯಗಳಂಥ ಸಂರಕ್ಷಿತ ಸ್ಮಾರಕಗಳಲ್ಲಿ ಚಿತ್ರೀಕರಿಸುವವರು ಇದಲ್ಲದೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಒಪ್ಪಿಗೆಯನ್ನೂ ಪಡೆಯಬೇಕು.

ಇದೇ ವರ್ಷಗಳಲ್ಲಿ ಸರ್ಕಾರ ತಾನೇ ಡ್ರೋನ್ ಹಾರಿಸಿದ ರೀತಿ ಗಮನಾರ್ಹ. 2020ರ ಏಪ್ರಿಲ್ 24ರಂದು ಘೋಷಣೆಯಾಗಿ ಕರ್ನಾಟಕವನ್ನೂ ಮೊದಲ ಹಂತದಲ್ಲಿ ಒಳಗೊಂಡ ಸ್ವಾಮಿತ್ವ ಯೋಜನೆಯಲ್ಲಿ, ಊರ ಮನೆ ನಿವೇಶನಗಳ ಚಿತ್ರ ತೆಗೆಯುವ ಮುನ್ನ ಗ್ರಾಮಸಭೆಯಲ್ಲಿ ವಿಷಯ ತಿಳಿಸಿ, ಎಲ್ಲೆಗಳ ಮೇಲೆ ಸುಣ್ಣದ ಗೆರೆ ಎಳೆಸುವ ಕ್ರಮವಿದೆ. ಗಣಿಗಳ ವಿಷಯದಲ್ಲಿ 2021ರ ನವೆಂಬರ್‌ನ ತಿದ್ದುಪಡಿಯು 50 ಹೆಕ್ಟೇರ್ ಅಥವಾ ಅದಕ್ಕಿಂತ ದೊಡ್ಡ ಗುತ್ತಿಗೆಗಳು ಪ್ರತಿ ವರ್ಷ ಡ್ರೋನ್ ಚಿತ್ರ ಸಲ್ಲಿಸಬೇಕೆಂದು ವಿಧಿಸಿತು. ತುಮಕೂರು ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು 2011ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ನಿಲ್ಲಿಸಬೇಕಾಗಿ ಬಂದುದನ್ನು ಕಂಡ ಚಿಕ್ಕನಾಯಕನಹಳ್ಳಿಯ ಜನರಿಗೆ ಇಂಥ ಚಿತ್ರಗಳ ಬೆಲೆ ವಿವರಿಸಿ ಹೇಳಬೇಕಾಗಿಲ್ಲ.

ತೋಟದ ಮನೆಯ ಮಾತು ಬೇರೆ. ಈ ಸೀಮೆಯಲ್ಲಿ ಬಲಿತ ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸಿ, ಸುಲಿದು ಒಡೆದು, ಕೊಬ್ಬರಿ ಗಿಟುಕನ್ನು ತಿಪಟೂರು ಮಾರುಕಟ್ಟೆಯ ಧಾರಣೆ ಏರುವವರೆಗೆ ಕಾದಿಡುವ ರೂಢಿಯಿದೆ. ಅಂಗಳದ ಸಿಪ್ಪೆಯ ರಾಶಿಯನ್ನು ಮೇಲಿನಿಂದ ನೋಡಿದ ಬಲ್ಲವನು ಮನೆಯೊಳಗಿನ ದಾಸ್ತಾನನ್ನು ಅಂದಾಜಿಸಬಲ್ಲ. ಬಚ್ಚಲು, ಹಿತ್ತಿಲು, ಒಗೆಯುವ ಕಲ್ಲು ಎಲ್ಲವೂ ತೋಟದ ಮರೆಯನ್ನೇ ನಂಬಿ ಇರುವಂಥವು. ಇಂದು ಪಕ್ಕದ ಮದುವೆಯ ಚಿತ್ರೀಕರಣಕ್ಕೆ ಬಂದ ಡ್ರೋನ್ ಆ ಅಂಗಳದ ಮೇಲೆ ಸುಳಿದರೆ, ಮನೆಯವರು ನೆಚ್ಚಬಹುದಾದ ಕಾನೂನುಗಳಲ್ಲಿ ಮುಖ್ಯವಾದದ್ದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 77ನೆಯ ಕಲಮು. ಅದು ಖಾಸಗಿ ಸ್ಥಿತಿಯಲ್ಲಿರುವ ಮಹಿಳೆಯನ್ನು ಕದ್ದು ನೋಡುವುದನ್ನು, ಚಿತ್ರಿಸುವುದನ್ನು ಶಿಕ್ಷಿಸುತ್ತದೆ, ದಾಸ್ತಾನಿನ ಅಥವಾ ಅಂಗಳದ ಚಿತ್ರವನ್ನು ಮುಟ್ಟುವುದಿಲ್ಲ. ಆಸ್ತಿಯ ಖಾಸಗಿತನವನ್ನು ಹೆಸರಿಸಿದ್ದ ನಿಯಮ ಮಾರ್ಚ್‌ನಿಂದ ಆಗಸ್ಟ್‌ವರೆಗೆ, ಐದೂವರೆ ತಿಂಗಳು ಮಾತ್ರ ಬದುಕಿತ್ತು.