ಗಾಜಿನಲ್ಲಿ ಹುಟ್ಟಿದ ದೆವ್ವ

ರಾತ್ರಿ ಕೋಣೆಯಲ್ಲಿ ದೀಪ ಹಾಕಿ, ಮುಚ್ಚಿದ ಕಿಟಕಿಯ ಗಾಜಿನ ಮೂಲಕ ಹೊರಗೆ ನೋಡಿ. ಬೀದಿಯ ಜೊತೆಗೆ ನಿಮ್ಮ ಮುಖವೂ ಕಾಣುತ್ತದೆ, ಕಿಟಕಿಯಾಚೆ ಯಾರೋ ನಿಂತು ನಿಮ್ಮನ್ನೇ ದಿಟ್ಟಿಸುತ್ತಿರುವಂತೆ. ಲಂಡನ್ನಿನ ಪ್ರೇಕ್ಷಕರನ್ನು ಒಂದು ಕಾಲಕ್ಕೆ ಬೆಚ್ಚಿಬೀಳಿಸಿದ ರಂಗದೆವ್ವಕ್ಕೆ ಇಷ್ಟೇ ಬಂಡವಾಳ.

1862ರ ಡಿಸೆಂಬರ್ 24. ಅಲ್ಲಿನ ರಾಯಲ್ ಪಾಲಿಟೆಕ್ನಿಕ್ ಸಂಸ್ಥೆಯಲ್ಲಿ ಜಾನ್ ಹೆನ್ರಿ ಪೆಪ್ಪರ್ ಎಂಬ ರಸಾಯನಶಾಸ್ತ್ರದ ಉಪನ್ಯಾಸಕರು ಚಾರ್ಲ್ಸ್ ಡಿಕನ್ಸರ ‘ದಿ ಹಾಂಟೆಡ್ ಮ್ಯಾನ್’ ಕಥೆಯ ದೃಶ್ಯವೊಂದನ್ನು ಆಡಿಸಿದರು. ಖಾಲಿ ಜಾಗದಲ್ಲಿ ಆರಪಾರ ಕಾಣುವ ಆಕೃತಿಯೊಂದು ಮೂಡಿ ಮಾಯವಾಯಿತು. ಆಮೇಲೆ ಗುಟ್ಟು ಬಿಡಿಸಿ ಹೇಳಬೇಕೆಂದಿದ್ದ ಪೆಪ್ಪರ್, ಸಭಿಕರು ಬೆರಗಾದುದನ್ನು ಕಂಡು ವಿವರಣೆಯನ್ನು ಮುಂದೂಡಿ, ಪೇಟೆಂಟ್ ಪಡೆಯಲು ಹೊರಟರು!

ಏನದು ಗುಟ್ಟು? ವೇದಿಕೆಯ ಮುಂಭಾಗದಲ್ಲಿ ಪ್ರೇಕ್ಷಕರ ಕಡೆಗೆ ಬಾಗಿಸಿದ ದೊಡ್ಡ ಗಾಜು. ಅದರ ಮುಂದೆ, ಯಾರಿಗೂ ಕಾಣದ ತಗ್ಗಿನಲ್ಲಿ, ದೆವ್ವದ ಪಾತ್ರಧಾರಿ. ಅವನ ಹಿಂದೆ ಕಪ್ಪು ಬಟ್ಟೆ. ಅವನ ಮೇಲೆ ಪ್ರಖರ ಬೆಳಕು ಬಿಟ್ಟರೆ ಪ್ರತಿಬಿಂಬ ಮೂಡುತ್ತದೆ, ತಗ್ಗಿಸಿದರೆ ಕರಗುತ್ತದೆ. ವಸ್ತು ಗಾಜಿನ ಮುಂದೆ ಎಷ್ಟು ದೂರವೋ ಬಿಂಬ ಹಿಂದೆ ಅಷ್ಟೇ ದೂರ. ಇದು ನಿಮ್ಮ ಪಠ್ಯಪುಸ್ತಕದಲ್ಲೇ ಇದೆ. ಹಾಗಾಗಿ ದೆವ್ವ ನಟರ ನಡುವೆಯೇ ನಿಂತಂತೆ ಕಾಣುತ್ತದೆ. ಪಾಪ, ವೇದಿಕೆಯ ನಟನಿಗೆ ಮಾತ್ರ ಅದು ಕಾಣುವುದೇ ಇಲ್ಲ! ಅಂದಾಜಿನ ಮೇಲೆ ಶೂನ್ಯಕ್ಕೆ ಕತ್ತಿ ಬೀಸಬೇಕು. ಗಾಜು ಅಡ್ಡವಿರುವುದರಿಂದ ಅವನ ಮಾತೂ ಸಭೆಗೆ ಮಂದವಾಗಿ ಕೇಳುತ್ತದೆ.

ಇದಕ್ಕೆ ‘ಪೆಪ್ಪರನ ದೆವ್ವ’ ಎಂದೇ ಹೆಸರು. ಆದರೆ ಕಲ್ಪನೆ ಹೆನ್ರಿ ಡಿರ್ಕ್ಸ್ ಎಂಬ ಇಂಜಿನಿಯರರದು. 1858ರಲ್ಲೇ ಅವರು ಅದನ್ನು ಬ್ರಿಟಿಷ್ ಅಸೋಸಿಯೇಷನ್ನಿನ ಸಭೆಯ ಮುಂದಿಟ್ಟಿದ್ದರು. ಅವರ ಯೋಜನೆಯಂತೆ ಮಾಡಲು ನಾಟಕಮಂದಿರವನ್ನೇ ಮಾರ್ಪಡಿಸಬೇಕಿತ್ತು; ಮಾಲೀಕರು ಒಪ್ಪಲಿಲ್ಲ. ಗಾಜನ್ನು ಬಾಗಿಸಿ, ಇದ್ದ ಮಂದಿರಕ್ಕೇ ಹೊಂದಿಸಿದ್ದು ಪೆಪ್ಪರ್. 1863ರಲ್ಲಿ ಇಬ್ಬರೂ ಜಂಟಿಯಾಗಿ ಪೇಟೆಂಟ್ ಮಾಡಿಸಿದರು. ಡಿರ್ಕ್ಸ್ ಹಣದ ಹಕ್ಕು ಬಿಟ್ಟುಕೊಟ್ಟರು, ಹೆಸರಷ್ಟೇ ಸಾಕೆಂದರು. ಅದೂ ಸರಿಯಾಗಿ ಸಿಗಲಿಲ್ಲವೆಂದು ಅದೇ ವರ್ಷ ಪುಸ್ತಕ ಬರೆದು ದೂರಿದರು. ಕಾರ್ಯಕ್ರಮದ ಕೊನೆಯಲ್ಲಿ ಹೆಸರುಗಳ ಪಟ್ಟಿ ಹಾಕುವ ನಮ್ಮಂಥವರಿಗೆ ಈ ಸಂಕಟ ಚೆನ್ನಾಗಿ ಗೊತ್ತು. ನನ್ನನ್ನು ಕೇಳಿದರೆ, ಡಿರ್ಕ್ಸ್ ಹೆಸರೇ ಮೊದಲು ಬರಬೇಕಿತ್ತು.

ವಾರ್ತೆ ಓದುವವರು ಕಾಗದ ನೋಡದೆ ಹೇಗೆ ಓದುತ್ತಾರೆಂದು ನೀವು ಕೇಳುವುದುಂಟು. ಟೆಲಿಪ್ರಾಂಪ್ಟರಿನಲ್ಲಿ ಕ್ಯಾಮೆರಾದ ಮುಂದಿರುವುದೂ ಇಂಥದೇ ಓರೆ ಗಾಜು. ಅಕ್ಷರಗಳ ಬಿಂಬ ಓದುವವರಿಗೆ ಕಾಣುತ್ತದೆ, ಕ್ಯಾಮೆರಾಕ್ಕೆ ಕಾಣದು.

ನೀವೂ ಮಾಡಿ ನೋಡಿ. ಕತ್ತಲ ಕೋಣೆಯಲ್ಲಿ ಗಾಜಿನ ಹಾಳೆಯೊಂದನ್ನು ನೆಟ್ಟಗೆ ನಿಲ್ಲಿಸಿ. ಮುಂದೆ ಹಚ್ಚಿದ ಮೋಂಬತ್ತಿ, ಹಿಂದೆ ಅಷ್ಟೇ ದೂರದಲ್ಲಿ ಒಂದು ಲೋಟ ನೀರು. ಲೋಟವೂ ಗಾಜಿನದೇ ಆಗಿರಲಿ. ಮೋಂಬತ್ತಿ ನೇರವಾಗಿ ಕಾಣದಂತೆ ರಟ್ಟೊಂದನ್ನು ಮರೆಮಾಡಿ, ಜ್ವಾಲೆಗೆ ತಗಲದಷ್ಟು ದೂರದಲ್ಲಿ. ಈಗ ಗೆಳೆಯರನ್ನು ಕರೆಯಿರಿ. ನೀರಿನೊಳಗೆ ದೀಪ ಉರಿಯುತ್ತಿರುತ್ತದೆ.